ಹಸಿದಾಗ ಎಣ್ಣೆ ಕೂಡಿಡುವ ಪಾಚಿ: ಜೀನ್ ತಿದ್ದಿದರೆ ಡೀಸೆಲ್ ಬರುತ್ತದೆಯೇ?

ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ಹಿರಿಯ ರೈತರೊಬ್ಬರು ಈಚೆಗೆ ಕೇಳಿದರು: "ಸರ, ಕೃಷಿ ಹೊಂಡದಾಗ ಪಾಚಿ ಬೆಳೆದ್ರ ಡೀಸೆಲ್ ತಗೀಬಹುದಂತ. ಮೊಬೈಲ್‌ನಾಗ ಬಂದಿತ್ತು. ಖರೇ ಏನು?"

"ಖರೇನ ಕಾಕಾ. ಆದ್ರ ನಿಮ್ಮ ಹೊಂಡದಾಗ ಆಗಂಗಿಲ್ಲ" ಅಂದೆ.

ಯಾಕೆ ಆಗುವುದಿಲ್ಲ ಅನ್ನುವುದನ್ನು ಅಲ್ಲೇ ನಿಂತು ಎರಡು ಮಾತಿನಲ್ಲಿ ಹೇಳುವುದು ಕಷ್ಟ. ಉತ್ತರದ ಅರ್ಧ ಹೊಂಡದಲ್ಲಿದೆ, ಇನ್ನರ್ಧ ಪಾಚಿಯ ಜೀನ್‌ಗಳಲ್ಲಿದೆ. ಜೀನ್‌ಗಳ ಕಡೆಯದ್ದೇ ಜಾಸ್ತಿ ಸ್ವಾರಸ್ಯ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಯಾವ ಪಾಚಿ ಅನ್ನುವುದು ಸ್ಪಷ್ಟವಾಗಲಿ. ಬೇಸಿಗೆಯಲ್ಲಿ ಕೆರೆಗಳ ಮೇಲೆ ದಪ್ಪಗೆ ಹಸಿರು ಕೆನೆ ಕಟ್ಟುತ್ತದೆಯಲ್ಲ, ಅದು ಹೆಚ್ಚಾಗಿ ನೀಲಿ-ಹಸಿರು ಪಾಚಿ. ಹೆಸರಿಗೆ ಪಾಚಿಯಾದರೂ ಅದು ಬ್ಯಾಕ್ಟೀರಿಯಾಗಳ ಕುಲಕ್ಕೆ ಸೇರಿದ್ದು. ಮಾತ್ರೆಯಾಗಿ ಮಾರುವ ಸ್ಪಿರುಲಿನಾ ಕೂಡ ಅದೇ ಕುಲ. ಇವು ಉಳಿದ ಆಹಾರವನ್ನು ಸಕ್ಕರೆಯ ರೂಪದಲ್ಲಿ ಕೂಡಿಡುತ್ತವೆ, ಎಣ್ಣೆಯಾಗಿ ಅಲ್ಲ. ಡೀಸೆಲ್‌ಗೆ ಬೇಕಾದವು ಬೇರೆ: ಕ್ಲೋರೆಲ್ಲಾ, ನ್ಯಾನೋಕ್ಲೋರಾಪ್ಸಿಸ್, ಗಾಜಿನಂಥ ಕವಚ ಇರುವ ಡಯಾಟಮ್‌ಗಳು. ಒಂದೊಂದೂ ಒಂದೇ ಕೋಶದ ಜೀವಿ. ನ್ಯಾನೋಕ್ಲೋರಾಪ್ಸಿಸ್‌ನ ಅಗಲ 2ರಿಂದ 4 ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದರೆ ಅಳತೆ ಗೊತ್ತಾಗುತ್ತದೆ.

ಇವು ಮಾಡುವ ಎಣ್ಣೆಯಲ್ಲಿ ಹೊಸದೇನೂ ಇಲ್ಲ. ನಮ್ಮ ಕುಸುಬೆ ಎಣ್ಣೆಯ ರಚನೆಯೇ ಇದಕ್ಕೂ ಇದೆ. ಒಂದು ಗ್ಲಿಸರಾಲ್ ಅಣು, ಅದಕ್ಕೆ ಅಂಟಿದ ಮೂರು ಕೊಬ್ಬಿನಾಮ್ಲದ ಸರಪಳಿ. ಮೆಥನಾಲ್ ಸೇರಿಸಿ ಆ ಮೂರು ಸರಪಳಿಗಳನ್ನು ಬಿಡಿಸಿದರೆ ಬಯೋಡೀಸೆಲ್, ಉಳಿದದ್ದು ಗ್ಲಿಸರಿನ್. ಸರಪಳಿಯಲ್ಲಿ 16 ಅಥವಾ 18 ಇಂಗಾಲ ಇದ್ದರೆ ಎಂಜಿನ್‌ಗೆ ಚೆಂದ. ಈ ಕೆಲಸ ಹೊಂಗೆ ಎಣ್ಣೆಯಿಂದಲೂ ಆಗುತ್ತದೆ. ಹಾಗಾದರೆ ಪಾಚಿಯೇ ಯಾಕೆ?

ಯಾಕೆಂದರೆ ಅದು ಬೆಳೆಯುವ ವೇಗ. ಮಳೆಯಾಶ್ರಯದಲ್ಲಿ ಕುಸುಬೆ ಎಕರೆಗೆ 3 ಕ್ವಿಂಟಲ್ ಬಂತು ಅಂದುಕೊಳ್ಳಿ. ಕಾಳಿನಲ್ಲಿ ಶೇ. 30 ಎಣ್ಣೆ ಸಿಕ್ಕರೆ ವರ್ಷಕ್ಕೆ 90 ಕಿಲೋ. ಚೆನ್ನಾಗಿ ನಡೆಯುವ ಪಾಚಿ ಹೊಂಡದಲ್ಲಿ ದಿನಕ್ಕೆ ಚದರ ಮೀಟರಿಗೆ 20 ಗ್ರಾಂ ಒಣ ಪಾಚಿ ಬರಬಹುದು. ಎಕರೆಗೆ ದಿನಕ್ಕೆ 81 ಕಿಲೋ ಆಯಿತು. ಅದರಲ್ಲಿ ಕಾಲು ಭಾಗ ಎಣ್ಣೆ ಇದ್ದರೆ ದಿನಕ್ಕೇ 20 ಕಿಲೋ! ವಾರದೊಳಗೆ ಕುಸುಬೆಯ ವರ್ಷದ ಎಣ್ಣೆ ಕೈಗೆ ಬಂತು. ಈ ಲೆಕ್ಕ ನೋಡಿದವರಿಗೆ ಆಸೆ ಹುಟ್ಟುವುದು ಸಹಜ, ಅಲ್ವಾ? 2007ರಲ್ಲಿ ನ್ಯೂಜಿಲೆಂಡ್‌ನ ವಿಜ್ಞಾನಿ ಯೂಸುಫ್ ಚಿಸ್ತಿ ಅವರು ಶೇ. 30 ಎಣ್ಣೆ ಇರುವ ಪಾಚಿಯಿಂದ ಹೆಕ್ಟೇರಿಗೆ 58,700 ಲೀಟರ್ ಎಣ್ಣೆ ಬರಬಹುದು ಎಂದು ಅಂದಾಜು ಮಾಡಿದ್ದರು. ಎಕರೆಗೆ ಹೆಚ್ಚುಕಡಿಮೆ 23,700 ಲೀಟರ್. ನನ್ನ ಮೇಲಿನ ಲೆಕ್ಕವನ್ನು 300 ದಿನಕ್ಕೆ ಹಿಡಿದರೆ 6,600 ಲೀಟರ್ ದಾಟುವುದಿಲ್ಲ. ಅದೂ ಎಲ್ಲ ದಿನವೂ ಒಳ್ಳೆಯ ದಿನವಾಗಿದ್ದರೆ ಮಾತ್ರ.

ಆ "ಕಾಲು ಭಾಗ ಎಣ್ಣೆ" ಅನ್ನುವ ಮಾತಿನಲ್ಲೇ ನಿಜವಾದ ತೊಡಕು ಇರುವುದು.

ಹಸಿವು ಮತ್ತು ಎಣ್ಣೆ

ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಫ್ಲಾಸ್ಕ್‌ನಲ್ಲಿ ಗಾಢ ಹಸಿರು ನೀರು. ಪಾಚಿಗೆ ಬೆಳಕಿದೆ, ಗಾಳಿಯಿದೆ, ರಂಜಕವಿದೆ, ಸಾರಜನಕವೂ ಇದೆ. ಕೋಶಗಳು ದಿನಕ್ಕೆ ಒಂದೆರಡು ಸಲ ಒಡೆದು ಎರಡೆರಡಾಗುತ್ತಿವೆ. ಈ ಹೊತ್ತಿನಲ್ಲಿ ಅವುಗಳೊಳಗೆ ಎಣ್ಣೆ ಹುಡುಕಿದರೆ ಅಷ್ಟಾಗಿ ಸಿಗುವುದಿಲ್ಲ. ಈಗ ಅವನ್ನು ಸೋಸಿ ತೆಗೆದು, ಸಾರಜನಕ ಮಾತ್ರ ಇಲ್ಲದ ನೀರಿಗೆ ಹಾಕಿ. ಎರಡು-ಮೂರು ದಿನದಲ್ಲಿ ಹಸಿರು ಮಾಸುತ್ತದೆ, ನೀರು ತಿಳಿ ಹಳದಿಗೆ ತಿರುಗುತ್ತದೆ. ಒಂದು ಹನಿಗೆ ನೈಲ್ ರೆಡ್ ಎಂಬ ಬಣ್ಣ ಸೇರಿಸಿ, ನೀಲಿ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿ. ಪತ್ರಹರಿತ್ತು ಕೆಂಪಗೆ ಹೊಳೆಯುತ್ತದೆ. ಅದರ ಪಕ್ಕದಲ್ಲಿ ಚಿನ್ನದ ಬಣ್ಣದ ದುಂಡು ಹನಿಗಳು. ಅದೇ ಎಣ್ಣೆ. ಕೆಲವು ಕೋಶಗಳಲ್ಲಿ ಅರ್ಧ ಜಾಗವನ್ನು ಆ ಹನಿಗಳೇ ಹಿಡಿದಿರುತ್ತವೆ.

ಹೀಗೇಕಾಗುತ್ತದೆ? ನಮ್ಮ ಕಡೆ ಮನೆ ಕಟ್ಟುವವರ ಅಂಗಳ ನೆನಪಿಸಿಕೊಳ್ಳಿ. ಶಹಾಬಾದ್‌ನಿಂದ ಪರ್ಸಿ ಕಲ್ಲು ಲಾರಿ ಮೇಲೆ ಲಾರಿ ಬರುತ್ತಲೇ ಇದೆ, ಆದರೆ ಸಿಮೆಂಟ್ ಮುಗಿದಿದೆ. ಗೋಡೆ ಏಳುವುದಿಲ್ಲ. ಬಂದ ಕಲ್ಲನ್ನು ವಾಪಸ್ ಕಳಿಸಲೂ ಆಗುವುದಿಲ್ಲ. ಮೇಸ್ತ್ರಿ ಏನು ಮಾಡುತ್ತಾನೆ? ಒಂದು ಮೂಲೆಯಲ್ಲಿ ಒಟ್ಟಿಸುತ್ತಾನೆ. ಪಾಚಿಯಲ್ಲೂ ಇದೇ ಕಥೆ. ಬಿಸಿಲು ಇರುವಷ್ಟು ಹೊತ್ತು ಗಾಳಿಯಿಂದ ಇಂಗಾಲ ಒಳಗೆ ಬರುತ್ತಲೇ ಇರುತ್ತದೆ. ಹೊಸ ಕೋಶ ಕಟ್ಟಲು ಪ್ರೋಟೀನ್ ಬೇಕು, ಡಿಎನ್‌ಎ ಬೇಕು. ಎರಡಕ್ಕೂ ಸಾರಜನಕ ಬೇಕೇ ಬೇಕು. ಎಣ್ಣೆಗೆ ಸಾರಜನಕ ಬೇಡ. ಅದರಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕ ಮಾತ್ರ. ಹಾಗಾಗಿ ಬಂದ ಇಂಗಾಲವೆಲ್ಲ ಎಣ್ಣೆಯಾಗಿ ಮೂಲೆ ಸೇರುತ್ತದೆ. ಕೋಶ ಅಷ್ಟಕ್ಕೇ ನಿಲ್ಲುವುದಿಲ್ಲ. ಬೆಳಕು ಹಿಡಿಯುವ ತನ್ನದೇ ಪೊರೆಗಳನ್ನು ಬಿಚ್ಚಿ, ಅದರ ಕೊಬ್ಬನ್ನೂ ಎಣ್ಣೆಗೆ ಸೇರಿಸುತ್ತದೆ. ನೀರು ಹಳದಿಯಾಗುವುದು ಅದಕ್ಕೇ.

ಹಾಗಾದರೆ ಪಾಚಿಯನ್ನು ಉಪವಾಸ ಕೆಡವಿದರಾಯಿತು ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. ಹೊಟ್ಟೆ ತುಂಬಿದ ಪಾಚಿ ದಿನಕ್ಕೆ ಚದರ ಮೀಟರಿಗೆ 20 ಗ್ರಾಂ ಬೆಳೆದು, ಅದರಲ್ಲಿ ಶೇ. 20 ಎಣ್ಣೆ ಇದ್ದರೆ 4 ಗ್ರಾಂ ಎಣ್ಣೆ. ಹಸಿದ ಪಾಚಿಯಲ್ಲಿ ಶೇ. 50 ಎಣ್ಣೆ ಇದೆ, ಆದರೆ ಬೆಳೆದದ್ದು 5 ಗ್ರಾಂ ಮಾತ್ರ. ಆಗ ಸಿಗುವ ಎಣ್ಣೆ 2.5 ಗ್ರಾಂ. ಶೇಕಡಾವಾರು ಏರಿತು, ಇಳುವರಿ ಇಳಿಯಿತು. ಪಾಚಿ ಎಣ್ಣೆಯ ಬಗ್ಗೆ ಯಾರಾದರೂ ಬರೀ "ಶೇ. 60 ಎಣ್ಣೆ, ಶೇ. 70 ಎಣ್ಣೆ" ಅಂದರೆ ನಾನು ನಂಬುವುದಿಲ್ಲ. ದಿನಕ್ಕೆ ಚದರ ಮೀಟರಿಗೆ ಎಷ್ಟು ಗ್ರಾಂ ಎಣ್ಣೆ ಅಂತ ಕೇಳಬೇಕು. ಬೋಟ್ರಿಯೊಕಾಕಸ್ ಎಂಬ ಪಾಚಿಯನ್ನೇ ನೋಡಿ. ಅದರ ಕೆಲವು ತಳಿಗಳಲ್ಲಿ ಒಣ ತೂಕದ ಅರ್ಧಕ್ಕಿಂತ ಹೆಚ್ಚು ಹೈಡ್ರೋಕಾರ್ಬನ್ ಇರುತ್ತದೆ, ಪೆಟ್ರೋಲಿಯಂಗೆ ಹತ್ತಿರದ ವಸ್ತು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಇದರ ಭಾರತೀಯ ತಳಿಗಳ ಮೇಲೆ ಕೆಲಸ ನಡೆದಿದೆ. ಆದರೆ ಅದು ಬೆಳೆಯುವುದು ತೀರಾ ನಿಧಾನ.

ಬೆಳವಣಿಗೆಯೂ ನಿಲ್ಲಬಾರದು, ಎಣ್ಣೆಯೂ ಸೇರಬೇಕು. ಪಾಚಿಯ ಜೀನ್ ಸಂಶೋಧನೆ ಹಿಡಿದಿರುವ ಹಟ ಇದೊಂದೇ. ಹಸಿವಿಗೂ ಎಣ್ಣೆಗೂ ಇರುವ ಗಂಟನ್ನು ಬಿಡಿಸಬೇಕು.

ಮೊದಲ ಪ್ರಯತ್ನಗಳು ಯಾಕೆ ಸೋತವು

ಅಮೆರಿಕದ ಇಂಧನ ಇಲಾಖೆ 1978ರಿಂದ 1996ರವರೆಗೆ ಪಾಚಿ ಡೀಸೆಲ್‌ಗಾಗಿ ದೊಡ್ಡ ಯೋಜನೆಯೊಂದನ್ನು ನಡೆಸಿತು. ಸುಮಾರು 2.5 ಕೋಟಿ ಡಾಲರ್ ಖರ್ಚಾಯಿತು. 3,000ದಷ್ಟು ತಳಿಗಳನ್ನು ಕೆರೆ, ಸಮುದ್ರ, ಉಪ್ಪು ಹೊಂಡಗಳಿಂದ ತಂದು, ಅದರಲ್ಲಿ 300ರಷ್ಟನ್ನು ಆರಿಸಿದರು. ಆ ಹೊತ್ತಿಗೆ ಎಣ್ಣೆ ತಯಾರಿಯ ದಾರಿ ಗೊತ್ತಾಗಿತ್ತು. ಕೋಶದ ಹಸಿರು ಭಾಗದಲ್ಲಿ, ಅಂದರೆ ಕ್ಲೋರೋಪ್ಲಾಸ್ಟ್‌ನಲ್ಲಿ, ಅಸಿಟೈಲ್-ಕೋಎ ಎಂಬ ಎರಡು ಇಂಗಾಲದ ತುಣುಕಿನಿಂದ ಕೊಬ್ಬಿನಾಮ್ಲದ ಸರಪಳಿ ಶುರುವಾಗುತ್ತದೆ. ಆ ಮೊದಲ ಹೆಜ್ಜೆ ಇಡಿಸುವ ಕಿಣ್ವದ ಹೆಸರು ಎಸಿಸಿಯೇಸ್. ಸರಪಳಿ ಉದ್ದವಾಗಿ ಹೊರಬಂದ ಮೇಲೆ ಕೋಶದ ಇನ್ನೊಂದು ಪೊರೆಯಲ್ಲಿ ಗ್ಲಿಸರಾಲ್‌ಗೆ ಮೂರು ಸರಪಳಿ ಜೋಡಣೆಯಾಗುತ್ತವೆ. ಕೊನೆಯ ಸರಪಳಿ ಅಂಟಿಸುವ ಕಿಣ್ವ ಡಿಜಿಎಟಿ.

ಮೊದಲ ಹೆಜ್ಜೆಯನ್ನು ಜೋರು ಮಾಡಿದರೆ ಎಣ್ಣೆ ತಾನಾಗಿ ಜಾಸ್ತಿಯಾಗಬೇಕಲ್ಲ? ಆ ಯೋಜನೆಯ ವಿಜ್ಞಾನಿಗಳು ಹಾಗೇ ಯೋಚಿಸಿದರು. ಸೈಕ್ಲೋಟೆಲ್ಲಾ ಎಂಬ ಡಯಾಟಮ್‌ನಿಂದ ಎಸಿಸಿಯೇಸ್ ಜೀನ್ ಬಿಡಿಸಿ, ಅದರ ಹೆಚ್ಚುವರಿ ಪ್ರತಿಗಳನ್ನು ಕೋಶದೊಳಗೆ ಸೇರಿಸಿದರು. ಡಯಾಟಮ್‌ಗೆ ಹೊರಗಿನಿಂದ ಜೀನ್ ಸೇರಿಸಿದ್ದು ಅದೇ ಮೊದಲು. ಕಿಣ್ವದ ಕೆಲಸ ಎರಡು-ಮೂರು ಪಟ್ಟು ಏರಿತು. ಎಣ್ಣೆ ಮಾತ್ರ ಇದ್ದಷ್ಟೇ ಇತ್ತು. ಮುಂದೆ ಬೇರೆಯವರು ಕ್ಲಮೈಡೋಮೋನಾಸ್ ಎಂಬ ಪಾಚಿಯಲ್ಲಿ ಕೊನೆಯ ಹೆಜ್ಜೆಯ ಡಿಜಿಎಟಿ ಜೀನ್‌ಗಳನ್ನು ಜೋರು ಮಾಡಿದಾಗಲೂ ಎಣ್ಣೆ ಏರಲಿಲ್ಲ.

ಈ ಸೋಲುಗಳನ್ನು ನಾನು ಬಹಳ ಮುಖ್ಯ ಎಂದು ಭಾವಿಸುತ್ತೇನೆ. ಎಣ್ಣೆಗೆ ಒಂದೇ ಜೀನ್ ಅಂತ ಇಲ್ಲ. ಒಂದು ಕಡೆ ಒತ್ತಿದರೆ ಕೋಶ ಇನ್ನೊಂದು ಕಡೆ ಸರಿದೂಗಿಸಿಕೊಳ್ಳುತ್ತದೆ. ತಯಾರಾದ ಕೊಬ್ಬನ್ನು ಪೊರೆಗೆ ಹಚ್ಚುತ್ತದೆ, ಉರಿಸುತ್ತದೆ, ಇಲ್ಲವೇ ಇಂಗಾಲವನ್ನು ಪಿಷ್ಟದ ಕಡೆ ತಿರುಗಿಸುತ್ತದೆ.

ಪಿಷ್ಟದ ದಾರಿಯನ್ನೇ ಮುಚ್ಚಿದರೆ? ಅದನ್ನೂ ಮಾಡಿ ನೋಡಿದ್ದಾರೆ. ಹೆಚ್ಚಿನ ಹಸಿರು ಪಾಚಿಗಳು ಮೊದಲು ಪಿಷ್ಟ ಕೂಡಿಡುತ್ತವೆ, ಆಮೇಲೆ ಎಣ್ಣೆ. ಕ್ಲಮೈಡೋಮೋನಾಸ್‌ನ ಎಸ್‌ಟಿಎ6 ಎಂಬ ಜೀನ್ ಕೆಟ್ಟ ತಳಿಗೆ ಪಿಷ್ಟ ಮಾಡಲು ಬರುವುದಿಲ್ಲ. ಅದನ್ನು ಉಪವಾಸ ಇಟ್ಟಾಗ ಎಣ್ಣೆ ಹನಿಗಳು ಎದ್ದು ಕಾಣುವಷ್ಟು ಹೆಚ್ಚಾದವು. ಆದರೆ ಇಲ್ಲೂ ಉಪವಾಸ ತಪ್ಪಲಿಲ್ಲ.

ಕ್ಲಮೈಡೋಮೋನಾಸ್‌ನ ಹೆಸರು ಮತ್ತೆ ಮತ್ತೆ ಬರುವುದಕ್ಕೆ ಕಾರಣವಿದೆ. ಪ್ರಯೋಗಾಲಯದ ಅದರ ಮುಖ್ಯ ತಳಿ 1945ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಆಲೂಗಡ್ಡೆ ಹೊಲವೊಂದರ ಮಣ್ಣಿನಿಂದ ಸಿಕ್ಕಿದ್ದು. ಇಂಧನಕ್ಕೆ ಅದು ಆಗುವುದಿಲ್ಲ, ಕಲಿಯುವುದಕ್ಕೆ ಬಹಳ ಒಳ್ಳೆಯದು. ಅದರ ಕೋಶದಲ್ಲಿ ಪ್ರತಿ ಜೀನ್‌ಗೂ ಒಂದೇ ಪ್ರತಿ ಇರುತ್ತದೆ. ನಮ್ಮಲ್ಲಿ, ತೊಗರಿಯಲ್ಲಿ, ಒಂದು ಪ್ರತಿ ಕೆಟ್ಟರೂ ಇನ್ನೊಂದು ಕೆಲಸ ತೂಗಿಸಬಹುದು. ಇಲ್ಲಿ ಆ ಆಸರೆ ಇಲ್ಲ, ಜೀನ್ ಕೆಟ್ಟ ಕೂಡಲೇ ಪರಿಣಾಮ ಕಾಣುತ್ತದೆ. 2007ರಲ್ಲಿ ಇದರ ಪೂರ್ತಿ ಡಿಎನ್‌ಎ ಪಠ್ಯ ಪ್ರಕಟವಾಯಿತು: ಸುಮಾರು 12 ಕೋಟಿ ಅಕ್ಷರ, 15 ಸಾವಿರದಷ್ಟು ಜೀನ್. 2012ರಲ್ಲಿ ನ್ಯಾನೋಕ್ಲೋರಾಪ್ಸಿಸ್‌ನದ್ದೂ ಬಂತು. ಅದು ಇನ್ನೂ ಚಿಕ್ಕದು, ಸುಮಾರು 3 ಕೋಟಿ ಅಕ್ಷರ. ಮನುಷ್ಯನದ್ದು 300 ಕೋಟಿಗೂ ಮೇಲೆ.

ಮೇಸ್ತ್ರಿಯನ್ನು ಹಿಡಿಯುವುದು

ಡಿಎನ್‌ಎ ಪಠ್ಯ ಕೈಗೆ ಬಂದ ಮೇಲೆ ಪ್ರಶ್ನೆ ಕೇಳುವ ರೀತಿಯೇ ಬದಲಾಯಿತು. ಒಂದೊಂದು ಕಿಣ್ವದ ಹಿಂದೆ ಬೀಳುವುದನ್ನು ಬಿಟ್ಟು, ಕಲ್ಲು ಮೂಲೆಗೆ ಒಟ್ಟಿಸು ಎಂದು ಹೇಳುವ ಮೇಸ್ತ್ರಿ ಯಾರು ಅಂತ ಹುಡುಕಲು ಶುರು ಮಾಡಿದರು. ಕೋಶದಲ್ಲಿ ಅಂಥ ಮೇಸ್ತ್ರಿಗಳಿವೆ. ಕೆಲವು ಪ್ರೋಟೀನ್‌ಗಳು ಡಿಎನ್‌ಎಗೆ ಅಂಟಿಕೊಂಡು, ಹತ್ತಾರು ಜೀನ್‌ಗಳಿಗೆ ಒಟ್ಟಿಗೇ ಕೆಲಸ ಹಚ್ಚುತ್ತವೆ ಅಥವಾ ನಿಲ್ಲಿಸುತ್ತವೆ. ನಿಯಂತ್ರಕ ಪ್ರೋಟೀನ್ ಎನ್ನೋಣ.

2017ರಲ್ಲಿ ಪ್ರಕಟವಾದ ಒಂದು ಕೆಲಸ ಇದರಲ್ಲಿ ಮೈಲಿಗಲ್ಲು. ಅಮೆರಿಕದ ಸಿಂಥೆಟಿಕ್ ಜೀನೋಮಿಕ್ಸ್ ಕಂಪನಿಯವರು, ಎಕ್ಸಾನ್‌ಮೊಬಿಲ್ ಹಣದಲ್ಲಿ, ನ್ಯಾನೋಕ್ಲೋರಾಪ್ಸಿಸ್ ಗಡಿಟಾನಾ ಎಂಬ ಪಾಚಿಯನ್ನು ಆರಿಸಿಕೊಂಡರು. ಅದನ್ನು ಸಾರಜನಕವಿಲ್ಲದೆ ಇಟ್ಟು, ಹಸಿವಿನ ಮೊದಲ ಗಂಟೆಗಳಲ್ಲಿ ಯಾವ್ಯಾವ ನಿಯಂತ್ರಕಗಳ ಸದ್ದು ಏರುತ್ತದೆ, ಯಾವುದು ಅಡಗುತ್ತದೆ ಎಂದು ಪಟ್ಟಿ ಮಾಡಿದರು. 20 ಹೆಸರು ಉಳಿದವು. ಅವುಗಳನ್ನು ಡಿಎನ್‌ಎ ಕತ್ತರಿಸುವ ಕ್ರಿಸ್ಪರ್ ಎಂಬ ಉಪಕರಣದಿಂದ ಒಂದೊಂದಾಗಿ ಕೆಡಿಸುತ್ತ ಹೋದರು. ಜಿಂಕ್‌ಸಿಸ್ ಎಂಬ ಒಂದನ್ನು ಕೆಡಿಸಿದಾಗ ಊಟ ಹೊಟ್ಟೆತುಂಬ ಇದ್ದರೂ ಪಾಚಿ ಎಣ್ಣೆ ಕೂಡಿಡಲು ಶುರು ಮಾಡಿತು. ಹಸಿವಿನ ಗಂಟು ಸಡಿಲವಾಗಿತ್ತು.

ಆದರೆ ಆ ಪಾಚಿಯ ಬೆಳವಣಿಗೆ ಕುಂಟಿತು. ಆ ಜೀನ್ ಇರಲೇಬೇಕು, ಪೂರ್ತಿ ಇರಬಾರದು, ಅಷ್ಟೇ. ಆಗ ಅವರು ಜೀನ್ ಮುಟ್ಟದೆ ಅದರ ಸಂದೇಶವನ್ನು ಅಲ್ಪ ಪ್ರಮಾಣದಲ್ಲಿ ತಡೆಯುವ ಬೇರೆ ವಿಧಾನ ಬಳಸಿದರು. ಆರ್‌ಎನ್‌ಎ ಇಂಟರ್‌ಫಿಯರೆನ್ಸ್ ಎನ್ನುತ್ತಾರೆ. ಅದರಲ್ಲಿ ಹದ ಸಿಕ್ಕಿತು. ಕೋಶ ಹಿಡಿದ ಇಂಗಾಲದಲ್ಲಿ ಎಣ್ಣೆಗೆ ಹೋಗುವ ಪಾಲು ಶೇ. 20ರಿಂದ 40ರ ಮೇಲೇರಿತು. ದಿನಕ್ಕೆ ಚದರ ಮೀಟರಿಗೆ ಸುಮಾರು 2.5 ಗ್ರಾಂ ಇದ್ದ ಎಣ್ಣೆ 5 ಗ್ರಾಂ ಆಯಿತು. ಬೆಳವಣಿಗೆ ಹೆಚ್ಚೇನೂ ತಗ್ಗಲಿಲ್ಲ. ಈ 5 ಗ್ರಾಂ ಬಂದದ್ದು ಪ್ರಯೋಗಾಲಯದ ಒಳಗೆ ಅನ್ನುವುದು ನೆನಪಿರಲಿ. ನಾನು ಶುರುವಿನಲ್ಲಿ ಹಾಕಿದ "ಎಕರೆಗೆ ದಿನಕ್ಕೆ 20 ಕಿಲೋ" ಲೆಕ್ಕವೂ ಇದೇ 5 ಗ್ರಾಂನದ್ದು.

ಇನ್ನೊಂದು ಚೆಂದದ ದಾರಿ 2013ರಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯಿಂದ ಬಂತು. ಅವರು ಎಣ್ಣೆ ತಯಾರಿಯನ್ನು ಮುಟ್ಟಲೇ ಇಲ್ಲ. ಎಣ್ಣೆ ಕರಗಿಸುವ ಕಿಣ್ವವೊಂದನ್ನು ಡಯಾಟಮ್‌ನಲ್ಲಿ ತಗ್ಗಿಸಿದರು. ಕೂಡಿದ್ದು ಖರ್ಚಾಗದೆ ಉಳಿಯಿತು, ಬೆಳವಣಿಗೆಗೂ ಧಕ್ಕೆ ಬರಲಿಲ್ಲ.

ಇದನ್ನೆಲ್ಲ ಓದಿ, "ಹಾಗಾದರೆ ಒಳ್ಳೆ ತಳಿಗಳನ್ನು ಸೇರಿಸಿ ಸಂಕರ ಮಾಡಬಹುದಲ್ಲ" ಎಂದು ಕೃಷಿ ಬಲ್ಲವರು ಕೇಳುತ್ತಾರೆ. ನಮ್ಮ ಕಲಬುರಗಿಯ ಟಿಎಸ್-3ಆರ್ ತೊಗರಿ ಎಲ್ಲರಿಗೂ ಗೊತ್ತು. ನೆಟೆ ರೋಗ ತಡೆಯುವ ಗುಣವಿರುವ ಗಿಡಗಳನ್ನು ಆರಿಸಿ ಬಂದ ತಳಿ ಅದು. ಆರಿಸುವುದು ಪಾಚಿಯಲ್ಲೂ ಸಾಧ್ಯ. ಕೂಡಿಸುವುದು ಎಲ್ಲದರಲ್ಲೂ ಆಗುವುದಿಲ್ಲ. ಕ್ಲಮೈಡೋಮೋನಾಸ್‌ನಲ್ಲಿ ಎರಡು ಲಿಂಗಗಳಿವೆ, ಸಂಕರ ಮಾಡಬಹುದು. ನ್ಯಾನೋಕ್ಲೋರಾಪ್ಸಿಸ್ ಸುಮ್ನೆ ಒಡೆದು ಒಡೆದು ಹೆಚ್ಚುತ್ತದೆ, ಅದರಲ್ಲಿ ಸಂಕರದ ದಾರಿ ಯಾರಿಗೂ ಸಿಕ್ಕಿಲ್ಲ. ಅದಕ್ಕೇ ನೇರಳಾತೀತ ಕಿರಣ ಹಾಯಿಸಿ ಬದಲಾವಣೆ ತರುವುದು, ಇಲ್ಲವೇ ಜೀನ್ ತಿದ್ದುವುದು. ತಿದ್ದುವಾಗ ನ್ಯಾನೋಕ್ಲೋರಾಪ್ಸಿಸ್ ಒಂದು ಅನುಕೂಲ ಮಾಡಿಕೊಡುತ್ತದೆ. ಹೊರಗಿನ ಡಿಎನ್‌ಎಯನ್ನು ನಾವು ಬಯಸಿದ ಜಾಗದಲ್ಲೇ ಕೂರಿಸಿಕೊಳ್ಳುತ್ತದೆ. ಕ್ಲಮೈಡೋಮೋನಾಸ್ ಕಂಡಕಂಡಲ್ಲಿ ಸೇರಿಸಿಕೊಂಡು, ಎಷ್ಟೋ ಸಲ ಆ ಹೊಸ ಜೀನ್‌ನ ಬಾಯಿ ಮುಚ್ಚಿಸಿಬಿಡುತ್ತದೆ.

ಬೆಳಕಿನ ವಿಷಯದಲ್ಲೂ ಜೀನ್ ಕೆಲಸ ನಡೆದಿದೆ, ಚುಟುಕಾಗಿ ಹೇಳಿಬಿಡುತ್ತೇನೆ. ಪಾಚಿ ಬೇಕಾದ್ದಕ್ಕಿಂತ ಹೆಚ್ಚು ಬೆಳಕು ಹಿಡಿಯುತ್ತದೆ. ಮೇಲಿನ ಪದರದ ಕೋಶಗಳು ಹಿಡಿದು ಶಾಖವಾಗಿ ಬಿಟ್ಟುಬಿಡುತ್ತವೆ, ಕೆಳಗಿನವಕ್ಕೆ ಕತ್ತಲೆ. ಪತ್ರಹರಿತ್ತಿನ ಜಾಲವನ್ನು ಚಿಕ್ಕದು ಮಾಡಿದ ತಳಿಗಳನ್ನು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ರೂಪಿಸಿದ್ದಾರೆ. ಬೆಳಕು ಇನ್ನಷ್ಟು ಆಳಕ್ಕೆ ಇಳಿಯುತ್ತದೆ.

ನಮ್ಮ ಬಿಸಿಲು, ನಮ್ಮ ನೀರು

ಈಗ ಕೃಷಿ ಹೊಂಡದ ಮಾತು. ಅದು ಆಳವಾಗಿರುತ್ತದೆ, 3 ಮೀಟರ್ ಸಾಮಾನ್ಯ. ದಟ್ಟ ಪಾಚಿಯಲ್ಲಿ ಬೆಳಕು ಒಂದು ಗೇಣಿನಷ್ಟೂ ಕೆಳಗಿಳಿಯುವುದಿಲ್ಲ. ಪಾಚಿ ಬೆಳೆಸುವ ಹೊಂಡಗಳು ಉದ್ದನೆಯ ಸುತ್ತು ಕಾಲುವೆಗಳು, ಆಳ 20ರಿಂದ 30 ಸೆಂಟಿಮೀಟರ್. ನೀರನ್ನು ಚಕ್ರವೊಂದು ಹಗಲೆಲ್ಲ ತಿರುಗಿಸುತ್ತಿರಬೇಕು. ಇಷ್ಟು ಮಾಡಿದರೂ ಒಂದು ಲೀಟರ್ ನೀರಿನಲ್ಲಿ ಅರ್ಧ ಗ್ರಾಂ ಪಾಚಿ. ದಿನಕ್ಕೆ 81 ಕಿಲೋ ತೆಗೆಯಬೇಕಾದರೆ 1.6 ಲಕ್ಷ ಲೀಟರ್ ನೀರನ್ನು ಸೋಸಬೇಕು. ಕರೆಂಟಿನ ಖರ್ಚು ಅಲ್ಲೇ ಹೋಗುತ್ತದೆ.

ಗೊಬ್ಬರದ ಲೆಕ್ಕ ಇನ್ನೂ ಕಠಿಣ. ಒಣ ಪಾಚಿಯಲ್ಲಿ ಸುಮಾರು ಶೇ. 7 ಸಾರಜನಕ ಇರುತ್ತದೆ. 81 ಕಿಲೋಗೆ 5.7 ಕಿಲೋ ಸಾರಜನಕ, ಅಂದರೆ 12 ಕಿಲೋ ಯೂರಿಯಾ. 45 ಕಿಲೋದ ಒಂದು ಚೀಲ ನಾಲ್ಕು ದಿನಕ್ಕೂ ಸಾಲದು, ಒಂದೇ ಎಕರೆಗೆ! ಯೂರಿಯಾ ಚೀಲಕ್ಕೆ ಸೊಸೈಟಿ ಮುಂದೆ ಸಾಲು ನಿಂತವರಿಗೆ ಇದರ ಅರ್ಥ ಹೇಳಿಕೊಡಬೇಕಿಲ್ಲ. ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯಿಂದ ಸಾರಜನಕ ಮರಳಿ ಪಡೆಯಬೇಕು, ಇಲ್ಲವೇ ಊರಿನ ಚರಂಡಿ ನೀರು ಬಳಸಬೇಕು. ಹೊಟ್ಟೆತುಂಬ ಉಂಡೂ ಎಣ್ಣೆ ಮಾಡುವ ತಳಿಯಿಂದ ಇಳುವರಿ ಏರುತ್ತದೆ ನಿಜ, ಆದರೆ ಗೊಬ್ಬರದ ಬಿಲ್ ಇಳಿಯುವುದಿಲ್ಲ. ಜೀನ್ ತಿದ್ದುವವರ ಸಂಭ್ರಮದಲ್ಲಿ ಈ ಮಾತು ಹಿಂದೆ ಸರಿಯುತ್ತದೆ, ಅದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ನೀರು ಆವಿಯಾಗುವುದೂ ಇದೆ. ಬೇಸಿಗೆಯಲ್ಲಿ ದಿನಕ್ಕೆ 8 ಮಿಲಿಮೀಟರ್ ಹೋಯಿತು ಅಂದುಕೊಂಡರೆ ಎಕರೆಗೆ 32 ಸಾವಿರ ಲೀಟರ್. ನೀರು ಹೋದಂತೆ ಉಪ್ಪು ಏರುತ್ತದೆ. ಮೇಲೆ ನಮ್ಮ ಮೇ ತಿಂಗಳು, 42-43 ಡಿಗ್ರಿ. ನ್ಯಾನೋಕ್ಲೋರಾಪ್ಸಿಸ್‌ಗೆ ಹಿತವಾದದ್ದು 25ರಿಂದ 30 ಡಿಗ್ರಿ. ಅಮೆರಿಕದ ಪ್ರಯೋಗಾಲಯದಲ್ಲಿ ಎಣ್ಣೆ ಇಮ್ಮಡಿ ಮಾಡಿದ ತಳಿಯನ್ನು ತಂದು ಇಲ್ಲಿನ ಹೊಂಡಕ್ಕೆ ಬಿಟ್ಟರೆ ಎಣ್ಣೆಯ ಪ್ರಶ್ನೆ ಬರುವ ಮೊದಲೇ ಅದು ಸಾಯುತ್ತದೆ.

ಹಾಗಾಗಿ ಕಲಬುರಗಿ, ಬೀದರ್, ಯಾದಗಿರಿ ಎಂಬ ನಮ್ಮ ಮೂರು ಜಿಲ್ಲೆಗಳಿಗೆ ಬೇಕಾದ ಮೊದಲ ಗುಣ ಎಣ್ಣೆಯದ್ದಲ್ಲ, ಬಿಸಿಲು ತಾಳುವುದು. ಇದೂ ಒಂದೇ ಜೀನ್‌ನ ಕೆಲಸವಲ್ಲ. ಪೊರೆಯ ಕೊಬ್ಬು ಬಿಸಿಗೆ ತೀರಾ ತೆಳುವಾಗಬಾರದು, ಪ್ರೋಟೀನ್‌ಗಳು ಮುದುಡಬಾರದು, ಬೆಳಕು ಹಿಡಿಯುವ ಯಂತ್ರ ಕೆಟ್ಟರೆ ಬೇಗ ರಿಪೇರಿಯಾಗಬೇಕು. ಇಷ್ಟೊಂದನ್ನು ಹೊರಗಿನಿಂದ ಸೇರಿಸುವುದಕ್ಕಿಂತ, ಬಿಸಿಲು ತಾಳುವ ಪಾಚಿಯನ್ನು ಹುಡುಕಿ ಅದರಲ್ಲಿ ಎಣ್ಣೆಯ ನಿಯಂತ್ರಕವನ್ನು ತಿದ್ದುವುದು ಸುಲಭ. ಅಂಥವು ಇವೆ. ಕ್ಲೋರೆಲ್ಲಾ ಸೊರೊಕಿನಿಯಾನಾ 38 ಡಿಗ್ರಿಯಲ್ಲಿ ಆರಾಮಾಗಿ ಬೆಳೆಯುತ್ತದೆ. ಪಿಕೋಕ್ಲೋರಮ್ ಎಂಬುದು ಉಪ್ಪು ನೀರಿಗೂ ಬಿಸಿಗೂ ಜಗ್ಗುವುದಿಲ್ಲ. ಅದರ ಕೆಲವು ತಳಿಗಳು ಎರಡು-ಮೂರು ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ. ಅದರ ಜೀನ್ ತಿದ್ದುವ ಉಪಕರಣಗಳೂ ಈಚಿನ ವರ್ಷಗಳಲ್ಲಿ ಸಿದ್ಧವಾಗಿವೆ. ಶಹಾಬಾದ್, ಚಿತ್ತಾಪುರದ ಕಡೆ ಬಿಟ್ಟುಹೋದ ಪರ್ಸಿ ಗಣಿಗಳಲ್ಲಿ ನೀರು ನಿಂತಿರುತ್ತದೆ. ಮೇ ತಿಂಗಳ ಬಿಸಿಲಿನಲ್ಲೂ ಅಲ್ಲಿ ಹಸಿರಾಗಿ ಉಳಿದದ್ದು ಏನು ಎಂದು ನಮ್ಮ ವಿದ್ಯಾರ್ಥಿಗಳು ನೋಡಬೇಕು. ಒಂದು ಬಾಟಲಿ, ಒಂದು ಸೂಕ್ಷ್ಮದರ್ಶಕ ಸಾಕು ಶುರು ಮಾಡಲು.

ಸಿಮೆಂಟ್ ಕಾರ್ಖಾನೆಗಳ ಹೊಗೆಯನ್ನು ಪಾಚಿಗೆ ಉಣಿಸಬಹುದು ಎಂಬ ಮಾತು ಸೇಡಂ, ವಾಡಿ ಕಡೆ ಕೇಳಿಬರುತ್ತದೆ. ವಿಜ್ಞಾನ ಸರಿ. ಒಂದು ಕಿಲೋ ಪಾಚಿ ಸುಮಾರು 1.8 ಕಿಲೋ ಇಂಗಾಲದ ಡೈಆಕ್ಸೈಡ್ ನುಂಗುತ್ತದೆ. ನಮ್ಮ ಒಂದು ಎಕರೆ ದಿನಕ್ಕೆ 146 ಕಿಲೋ. ಒಂದು ಟನ್ ಸಿಮೆಂಟಿಗೆ ಸುಮಾರು 600 ಕಿಲೋ ಹೊರಬರುತ್ತದೆ. ದಿನಕ್ಕೆ 1,000 ಟನ್ ಸಿಮೆಂಟ್ ಮಾಡುವ ಘಟಕದ ಹೊಗೆಗೆ 4,100 ಎಕರೆಯಷ್ಟು ಹೊಂಡ ಬೇಕು. ಹೊಗೆ ಪೂರ್ತಿ ಹಿಡಿಯುವ ಆಸೆ ಬಿಡಬೇಕು. ಒಂದಿಷ್ಟು ಬಳಸಿಕೊಳ್ಳುವುದು ಬೇರೆ ಮಾತು. ಅದಕ್ಕಿಂತ ಅನುಕೂಲ ಬೀದರ್ ಕಡೆಯ ಸಕ್ಕರೆ ಸೀಮೆಯಲ್ಲಿದೆ. ಎಥನಾಲ್ ಘಟಕದಲ್ಲಿ ಹುದುಗು ಬರುವಾಗ ಒಂದು ಟನ್ ಎಥನಾಲ್‌ಗೆ ಹೆಚ್ಚುಕಡಿಮೆ ಒಂದು ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಅದೂ ಧೂಳಿಲ್ಲದ, ಶುದ್ಧವಾದದ್ದು.

ತಿದ್ದಿದ ಪಾಚಿ ಹೊರಗೆ ತಪ್ಪಿಸಿಕೊಂಡರೆ? ಕೇಳಲೇಬೇಕಾದ ಪ್ರಶ್ನೆ. ಅಮೆರಿಕದಲ್ಲಿ ಜೀನ್ ತಿದ್ದಿದ ಪಾಚಿಯನ್ನು ಸರ್ಕಾರದ ಒಪ್ಪಿಗೆಯಿಂದ ಬಯಲಿನಲ್ಲಿ ಬೆಳೆಸಿದ ಮೊದಲ ಪ್ರಯೋಗದ ವರದಿ 2017ರಲ್ಲಿ ಬಂತು. ಪಾಚಿ ಹೊಂಡದಿಂದ ಆಚೆಗೆ ಹರಡಿದ್ದು ಕಂಡಿತು. ಆದರೆ ಸ್ಥಳೀಯ ಪಾಚಿಗಳನ್ನು ಸೋಲಿಸಿ ಬೇರೂರಲಿಲ್ಲ. ಎಣ್ಣೆ ಕೂಡಿಡುವ ಭಾರ ಹೊತ್ತ ಕೋಶ ಕಾಡು ಪಾಚಿಯ ಜೊತೆ ಓಟದಲ್ಲಿ ಹಿಂದೆ ಬೀಳುವ ಸಂಭವವೇ ಜಾಸ್ತಿ. ಹಾಗಂತ ಎಚ್ಚರ ತಪ್ಪುವಂತಿಲ್ಲ. ನಮ್ಮಲ್ಲಿ 1989ರ ನಿಯಮಗಳಿವೆ, ಕೇಂದ್ರ ಪರಿಸರ ಸಚಿವಾಲಯದ ಜಿಇಎಸಿ ಸಮಿತಿಯ ಅನುಮತಿ ಇಲ್ಲದೆ ಇಂಥದ್ದನ್ನು ಹೊರಗೆ ಬಿಡುವಂತಿಲ್ಲ. ಬಿಸಿಲು ತಾಳುವ, ಬೇಗ ಬೆಳೆಯುವ ತಳಿಯನ್ನು ತಿದ್ದುವಾಗ ಈ ಪರೀಕ್ಷೆ ಇನ್ನೂ ಬಿಗಿಯಾಗಿರಬೇಕು.

ಹಣದ ಕಡೆ ನೋಡಿದರೆ, ಎಕ್ಸಾನ್‌ಮೊಬಿಲ್ 2009ರಲ್ಲಿ ಶುರು ಮಾಡಿದ ಈ ಕೆಲಸಕ್ಕೆ 2023ರ ಹೊತ್ತಿಗೆ ಹಣ ನಿಲ್ಲಿಸಿತು. ಎಣ್ಣೆ ಬಾರದೆ ಅಲ್ಲ. ನೆಲದಿಂದ ತೆಗೆಯುವ ಡೀಸೆಲ್ ಬೆಲೆಗೆ ಸರಿಸಾಟಿಯಾಗುವುದು ಇನ್ನೂ ದೂರವಿತ್ತು. ಪಾಚಿ ಬೆಳೆಸುವ ಹಲವರು ಈಗ ಇಂಧನ ಬಿಟ್ಟು ಮೀನಿನ ಮೇವು, ಒಮೆಗಾ-3 ಎಣ್ಣೆ, ಬಣ್ಣದ ಪದಾರ್ಥಗಳ ಕಡೆ ಹೋಗಿದ್ದಾರೆ. ನ್ಯಾನೋಕ್ಲೋರಾಪ್ಸಿಸ್‌ನಲ್ಲಿ ಇಪಿಎ ಎಂಬ ಒಮೆಗಾ-3 ಸಹಜವಾಗಿಯೇ ಇದೆ. ಅದಕ್ಕೆ ಡೀಸೆಲ್‌ಗಿಂತ ಎಷ್ಟೋ ಪಟ್ಟು ಬೆಲೆ.

ಯಾದಗಿರಿ ಜಿಲ್ಲೆಯಲ್ಲಿ ಇದಕ್ಕೊಂದು ಜಾಗ ಇದೆ ಎಂದು ನನಗೆ ಅನ್ನಿಸುತ್ತದೆ. ಶಹಾಪುರ, ಸುರಪುರ ಕಡೆ ಕೃಷ್ಣಾ ಕಾಲುವೆ ನೀರು ಹೆಚ್ಚಾಗಿ ಎಷ್ಟೋ ಹೊಲ ಸವಳಾಗಿವೆ. ಅಲ್ಲಿ ಭತ್ತವೂ ಸರಿಯಾಗಿ ಏಳುವುದಿಲ್ಲ. ಬಸಿಗಾಲುವೆಯಲ್ಲಿ ಹರಿಯುವ ಉಪ್ಪು ನೀರಿನಲ್ಲಿ ಹೊಲಕ್ಕೆ ಹಾಕಿದ ಗೊಬ್ಬರದ ಸಾರಜನಕವೂ ಒಂದಿಷ್ಟು ಇರುತ್ತದೆ. ಸಿಹಿ ನೀರು ಕೇಳದ, ಉಪ್ಪಿಗೆ ಹೆದರದ ಪಿಕೋಕ್ಲೋರಮ್‌ನಂಥ ಪಾಚಿಗೆ ಅದು ಸಾಕಾಗುತ್ತದೆಯೇ ಎಂದು ನೋಡಲು ಜೀನ್ ತಿದ್ದಬೇಕಿಲ್ಲ, ಹಾಗಾಗಿ ಜಿಇಎಸಿ ಅನುಮತಿಯೂ ಬೇಕಿಲ್ಲ. ತಿದ್ದದ ತಳಿಯನ್ನೇ ಒಂದು ಗುಂಟೆ ಆಳವಿಲ್ಲದ ಹೊಂಡದಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಬೆಳೆಸಿ, ದಿನಕ್ಕೆ ಚದರ ಮೀಟರಿಗೆ ಎಷ್ಟು ಗ್ರಾಂ ಬಂತೆಂದು ತೂಕ ಹಾಕಿದರೆ ಗೊತ್ತಾಗುತ್ತದೆ. ಬಂದ ಪಾಚಿ ಮೊದಲ ವರ್ಷಗಳಲ್ಲಿ ಮೀನಿನ ಮೇವಾಗಲಿ. ಆ ತೂಕ 20 ಗ್ರಾಂ ಮುಟ್ಟಿದರೆ, ಅದರ ಎಣ್ಣೆಯ ನಿಯಂತ್ರಕಕ್ಕೆ ಕೈ ಹಚ್ಚಲು ಅರ್ಥ ಇರುತ್ತದೆ.